ಪುಕಾಲೋಮದ ಜವಳದಪ್ಪ

ಸಾತುರ್ನಿನಾಳ ಬಾಯಿಗೆ ಪುಕಾಲೋಮದ ಗಣಿ ಕ್ಯಾಂಪಿನಲ್ಲಿ ಹೆದರದವರೇ ಇರಲಿಲ್ಲ. ಮೇಸ್ತ್ರಿಗಳು ಅವಳನ್ನು ದೂರದಿಂದ ಕಂಡರೆ ದಾರಿ ಬದಲಿಸುತ್ತಿದ್ದರು. ಪಾದ್ರಿಯಂತೂ ಅವಳು ಪಾಪ ಹೇಳಿಕೊಳ್ಳಲು ಬಂದು ಮಂಡಿಯೂರುವಷ್ಟರಲ್ಲೇ “ಕ್ಷಮಿಸಿದ್ದೇನೆ, ಹೋಗಮ್ಮ” ಎಂದುಬಿಡುತ್ತಿದ್ದ. ಗಣಿಯಿಂದ ಹೊರಗೆಸೆದ ಕಲ್ಲಿನ ರಾಶಿಯ ಮೇಲೆ ಕೂತು, ಸುತ್ತಿಗೆಯಲ್ಲಿ ಕಲ್ಲು ಕುಟ್ಟಿ, ಒಳಗೆಲ್ಲಾದರೂ ಉಳಿದಿರುವ ತವರದ ಚೂರು ಆರಿಸುವುದು ಅವಳ ಕೆಲಸ. ಅದು ವಿಧವೆಯರಿಗೆಂದೇ ಬಿಟ್ಟ ಕೆಲಸ. ಗಂಡ ಬದುಕಿರುವವಳನ್ನು ಆ ರಾಶಿ ಹತ್ತಲು ಬಿಡುತ್ತಿರಲಿಲ್ಲ.

ಅವಳ ಗಂಡ ಹಿಲಾರಿಯೋನ್ ಹೋದದ್ದು ಮೂರನೇ ಸುರಂಗದ ಚಾವಣಿ ಕುಸಿದಾಗ. ಸೊಂಟದಿಂದ ಮೇಲಿನದು ಒಂದು ಅದಿರಿನ ತೊಟ್ಟಿಯಲ್ಲಿ ಮೇಲೆ ಬಂತು, ಕೆಳಗಿನದು ಇನ್ನೊಂದರಲ್ಲಿ. ಅವತ್ತು ಸತ್ತವರು ಏಳು ಜನ. ಗುಮಾಸ್ತನೊಬ್ಬ ಬಂದು, “ಎರಡೂ ಒಬ್ಬಂದೇನಾ ನೋಡಿ ಹೇಳಮ್ಮ, ಅದಲು ಬದಲಾದರೆ ಆಮೇಲೆ ತಾಪತ್ರಯ” ಎಂದ. ಅವಳು ನೋಡಿದಳು. ಕಾಲಲ್ಲಿದ್ದ ಚಪ್ಪಲಿ ಅವಳೇ ಹಳೇ ಟೈರು ಕತ್ತರಿಸಿ ಹೊಲಿದದ್ದು. “ಹೌದು, ಒಬ್ಬಂದೇ” ಎಂದವಳೇ ಗುಮಾಸ್ತನ ಕೆನ್ನೆಗೆ ಒಂದು ಬಿಗಿದಳು. ಅವನ ಎರಡು ಹಲ್ಲು ಉದುರಿದವು ಎಂದು ಕ್ಯಾಂಪಿನವರು ಹೇಳುತ್ತಾರೆ. ಒಂದೇ ಎನ್ನುವವರೂ ಇದ್ದಾರೆ.

ಆಗ ಅವಳ ಮಗ ಸೆಫೆರಿನೊಗೆ ಎರಡು ತುಂಬಿತ್ತು. ಹುಟ್ಟುಗೂದಲಿಗೆ ಇನ್ನೂ ಕತ್ತರಿ ತಾಗಿರಲಿಲ್ಲ. ಬೆನ್ನಿನವರೆಗೆ ಇಳಿದು ಜಡೆಗಟ್ಟಿತ್ತು. ಬೆಟ್ಟದ ಸೀಮೆಯಲ್ಲಿ ಮಗುವಿನ ಜವಳ ತೆಗೆಯುವುದು ಅಂದರೆ ಕ್ಷೌರಿಕನ ಕೆಲಸವಲ್ಲ. ಮೊದಲ ಎಳೆಗೆ ಕತ್ತರಿ ಹಾಕಿದವನು ಆ ಮಗುವಿನ ಜವಳದಪ್ಪ. ಹೆತ್ತಪ್ಪ ಇರಲಿ ಬಿಡಲಿ, ಮಗುವಿನ ಮದುವೆಗೂ ಅವನೇ ಬೇಕು, ಮಣ್ಣಿಗೂ ಅವನೇ ಬೇಕು. ಅವತ್ತಿನಿಂದ ಅವನೂ ಮಗುವಿನ ತಾಯ್ತಂದೆಯರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ. ಗಂಡಸಾದರೆ ಕೊಂಪಾದ್ರೆ, ಹೆಂಗಸಾದರೆ ಕೊಮಾದ್ರೆ. ಒಡಹುಟ್ಟಿದವರು ಹೊಡೆದಾಡಿಕೊಳ್ಳಬಹುದು, ಕೊಂಪಾದ್ರೆಗಳು ಕೈ ಎತ್ತುವ ಹಾಗಿಲ್ಲ. ಎತ್ತಿದವನ ಹೆಣವನ್ನು ಭೂತಾಯಿ ಒಳಗೆ ಇಟ್ಟುಕೊಳ್ಳುವುದಿಲ್ಲ, ಹೊರಗೆ ಉಗುಳುತ್ತಾಳೆ. ಇದನ್ನು ಕೇಳಿ ನಗುವವರು ಪೇಟೆಯಲ್ಲಿ ಇರಬಹುದು. ಪುಕಾಲೋಮದಲ್ಲಿ ಯಾರೂ ನಗುತ್ತಿರಲಿಲ್ಲ.

ಆದರೆ ಮೈ ಎರಡು ತುಂಡಾಗಿ ಸತ್ತವನ ಮಗನಿಗೆ, ಅದೂ ಬಾಯಿಬಡುಕಿ ವಿಧವೆಯ ಮಗನಿಗೆ, ಜವಳದಪ್ಪ ಆಗಲು ಯಾರು ಬರುತ್ತಾರೆ? ಕರೆದರೆ ಇಲ್ಲವೆನ್ನುವಂತಿಲ್ಲ, ಹಾಗಾಗಿ ಗಂಡಸರೆಲ್ಲ ಅವಳು ಕರೆಯುವ ಮೊದಲೇ ತಲೆಮರೆಸಿಕೊಂಡರು. ಅದೇ ಹೊತ್ತಿಗೆ ಕಣಿವೆಯಿಂದ ಮೇಲಕ್ಕೆ ರಸ್ತೆ ಕಡಿಯಲು ಒಂದು ಸೇನಾ ತುಕಡಿ ಬಂದಿತ್ತು. ಅದರ ಕ್ಯಾಪ್ಟನ್ ಲಿಸಾರ್ದೊ ಅರಾನಿಬಾರ್. ಮೂವತ್ತರ ಪ್ರಾಯ, ಬಿಳೀ ಮೈ, ಆದರೆ ಬೆಟ್ಟದ ಮಾತು ನಮ್ಮಂತೆಯೇ ಆಡುತ್ತಿದ್ದ. ಅವನಿಗೆ ಹಾಲೂಡಿಸಿದ ದಾದಿ ನಮ್ಮವಳಂತೆ. ಸಾತುರ್ನಿನಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸೀದಾ ರಸ್ತೆಗೆ ಹೋಗಿ ಅವನ ಕುದುರೆಯ ಮುಂದೆ ನಿಂತಳು.

“ಸ್ವಾಮಿ, ಈ ಮಗೀಗೆ ಜವಳ ತೆಗೀಬೇಕು. ಈ ಊರ ಗಂಡಸ್ರೆಲ್ಲಾ ಬಳೆ ತೊಟ್ಕೊಂಡವ್ರೆ. ನೀವು ಬರ್ತೀರೋ, ನೀವೂ ತೊಡ್ತೀರೋ?”

ಸೈನಿಕರು ಕಕ್ಕಾಬಿಕ್ಕಿಯಾದರು. ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಭಾನುವಾರ ಅವನು ಬಂದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆ ಕತ್ತರಿಸಿದ. ಮಗು ಕಿರುಚಿ ಅವನ ಹೆಬ್ಬೆರಳು ಕಚ್ಚಿತು, ರಕ್ತ ಬಂತು. “ಕಚ್ಚಲಿ ಬಿಡಿ, ಹುಲಿಮರಿ” ಎಂದು ಅವನು ಅದೇ ಕೈಯಲ್ಲಿ ಜೋಳದ ಹೆಂಡದ ಬಟ್ಟಲು ಹಿಡಿದು, ಮೊದಲ ತೊಟ್ಟು ಭೂತಾಯಿಗೆ ಚೆಲ್ಲಿ, ಉಳಿದದ್ದನ್ನು ಒಂದೇ ಗುಟುಕಿಗೆ ಇಳಿಸಿದ. “ಇವತ್ತಿಂದ ನೀನು ನನ್ನ ಕೊಮಾದ್ರೆ. ನಿನ್ನ ಮನೆ ಮೇಲೆ ಎತ್ತಿದ ಕೈ ನಂದೇ ಆದ್ರೂ ಬಿದ್ದುಹೋಗಲಿ” ಎಂದ. ಗಂಡ ಸತ್ತಾಗ ಅಳದಿದ್ದ ಸಾತುರ್ನಿನಾ ಅವತ್ತು ಎಲ್ಲರೆದುರು ಗೊಳೋ ಎಂದು ಅತ್ತಳು. ಅವಳ ಮಗನಿಗೆ ಒಬ್ಬ ದಿಕ್ಕಾದ.

ಅರಾನಿಬಾರನಿಗೂ ಅವತ್ತು ಒಂದು ಗುಟ್ಟು ಸಿಕ್ಕಿತು ಅನ್ನಿ. ಒಂದು ಕತ್ತರಿ, ಒಂದು ಬಟ್ಟಲು ಹೆಂಡ, ಇಷ್ಟರಲ್ಲಿ ಒಂದು ಮನೆತನವೇ ತನ್ನದಾಗುತ್ತದೆ. ಆಮೇಲೆ ಅವನು ಹೋದ ಕಡೆಯೆಲ್ಲ ಜವಳ ತೆಗೆದ. ಮೇಜರ್ ಆದ, ಕರ್ನಲ್ ಆದ, ಜನರಲ್ ಆದ, ಕತ್ತರಿ ಬಿಡಲಿಲ್ಲ. ವರ್ಷಕ್ಕೊಮ್ಮೆ ಪುಕಾಲೋಮಕ್ಕೂ ಬರುತ್ತಿದ್ದ. ನಮ್ಮ ಕ್ಯಾಂಪೊಂದರಲ್ಲೇ ಅವನಿಗೆ ಅರವತ್ತೊಂದು ಜವಳದ ಮಕ್ಕಳಾದರು. ಬೂಟಾಟಿಕೆ ಎನ್ನುತ್ತೀರಾ? ಅಷ್ಟು ಸಲೀಸಲ್ಲ. ಅರವತ್ತೊಂದು ಮಕ್ಕಳ ಹೆಸರೂ ಅವನ ನಾಲಿಗೆಯ ಮೇಲಿದ್ದವು. ಬಸಿಲಿಯಾಳ ಮಗ ತೊರಿಬಿಯೊಗೆ ಮೂರ್ಛೆರೋಗವಿದ್ದದ್ದು ನೆನಪಿಟ್ಟುಕೊಂಡು ಪ್ರತಿ ವರ್ಷ ಔಷಧಿ ತರುತ್ತಿದ್ದ. ಈ ಬಸಿಲಿಯಾ ಸಾತುರ್ನಿನಾಳ ಪಕ್ಕದ ಮನೆಯವಳು, ಕಲ್ಲಿನ ರಾಶಿಯ ಮೇಲೆ ಪಕ್ಕದಲ್ಲೇ ಕೂರುವವಳು, ಮಾತು ಕಡಿಮೆ.

ಸೆಫೆರಿನೊಗೆ ಹದಿಮೂರು ತುಂಬಿದ ವರ್ಷ ರಾಜಧಾನಿಯಲ್ಲಿ ಟ್ಯಾಂಕುಗಳು ಬೀದಿಗಿಳಿದವು. ಎರಡು ದಿನ ಗುಂಡು ಹಾರಿತು. ಹಳೇ ರಾಷ್ಟ್ರಪತಿ ಅರಮನೆಯ ಮೂರನೇ ಮಹಡಿಯ ಕಿಟಕಿಯಿಂದ ಕಾಲುಜಾರಿ ಬಿದ್ದ ಎಂದು ರೇಡಿಯೊದಲ್ಲಿ ಹೇಳಿದರು. ಬೀಳುವ ಮೊದಲೇ ಅವನ ತಲೆಯಲ್ಲಿ ಮೂರು ತೂತಿದ್ದವು ಎಂದು ಬಸ್ಸಿನವರು ಬಂದು ಹೇಳಿದರು. ಮೂರನೇ ದಿನ ಜನರಲ್ ಅರಾನಿಬಾರ್ ರಾಷ್ಟ್ರಪತಿಯಾದ. ಪುಕಾಲೋಮದಲ್ಲಿ ಡೊಳ್ಳು, ಕುಣಿತ, ಹೆಂಡ. ಸಾತುರ್ನಿನಾ ಕಿಟಕಿಯಿಂದ ಬಿದ್ದವನ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಲೋ ಗುಮಾಸ್ತ, ಇನ್ ಮೇಲೆ ನಮ್ ಮನೆ ಮುಂದೆ ಟೋಪಿ ತೆಗ್ದು ಹೋಗ್ಬೇಕು ಕಣೋ! ರಾಷ್ಟ್ರಪತಿ ನನ್ ಕೊಂಪಾದ್ರೆ!” ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಕುಣಿದಳು. ಅವನು ಆಳಿದ್ದು ಆರು ವರ್ಷ. ಕೊನೆಗೆ ಅವನ ಕರ್ನಲ್‌ಗಳೇ ಅವನಿಗೆ ಊಟಕ್ಕೆ ಕೂತಲ್ಲೇ ಗುಂಡು ಹೊಡೆದರು, ತಟ್ಟೆಯ ಮೇಲೆ ಮುಖವಿಟ್ಟು ಸತ್ತ. ಪೇಪರಿನವರು ಅದನ್ನೇ ಬರೆದೂ ಬರೆದೂ ಸಾಕುಮಾಡಿದ್ದಾರೆ. ನಮಗೆ ಬೇಕಾದದ್ದು ಅವನ ನಾಲ್ಕನೇ ವರ್ಷ.

ಆ ನಾಲ್ಕು ವರ್ಷವೂ ಸಾತುರ್ನಿನಾಗೆ ಇದ್ದದ್ದು ಒಂದೇ ಹಟ. ಮಗ ಗಣಿಗೆ ಇಳಿಯಬಾರದು, ತೊಟ್ಟಿಯಲ್ಲಿ ಎರಡು ತುಂಡಾಗಿ ಮೇಲೆ ಬರಬಾರದು. ಮಗ ಕೇಳಬೇಕಲ್ಲ! ಹದಿನೇಳಾಗುತ್ತಲೇ ತಲೆಗೆ ದೀಪ ಕಟ್ಟಿಕೊಂಡು ಇಳಿದುಬಿಟ್ಟ.

“ನಿಮ್ಮಪ್ಪನ್ನ ನುಂಗಿದ ಬಾಯಿಗೆ ನೀನೂ ಬೀಳ್ತೀಯೇನೋ, ಬೇವಾರ್ಸಿ?”

“ಇನ್ನೇನ್ ಮಾಡ್ಲವ್ವಾ, ನಿನ್ ಜೊತೆ ಲಂಗ ಉಟ್ಕೊಂಡು ಕಲ್ಲು ಕುಟ್ಲಾ? ಕುಟ್ತೀನಿ, ಆದ್ರೆ ಆ ಕೆಂಪು ಲಂಗ ನಂಗೆ ಕೊಡ್ಬೇಕು.”

ಅವಳಿಗೆ ನಗು ಬಂದುಬಿಡುತ್ತಿತ್ತು. ಆ ಹುಡುಗ ಹಾಗೆಯೇ, ಬೈಯಲು ಹೊರಟವಳ ಬಾಯಲ್ಲಿ ನಗು ತರಿಸುತ್ತಿದ್ದ.

ಆ ವರ್ಷ ಸರ್ಕಾರ ಗಣಿಯವರ ಕೂಲಿಯನ್ನು ಅರ್ಧಕ್ಕೆ ಇಳಿಸಿತು. ಕೇಳಲು ಹೋದ ಸಂಘದ ಐವರನ್ನು ಹಿಡಿದುಕೊಂಡು ಹೋದರು. ಗಣಿ ನಿಂತಿತು. ಮೂರು ವಾರ ಕಳೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಹೊಳೆಯಾಚೆಯ ಬಯಲಿನಲ್ಲಿ ಹನ್ನೆರಡು ಸೇನಾ ಲಾರಿಗಳು ಬಂದು ನಿಂತವು. ಅವರಿಗೂ ಕ್ಯಾಂಪಿಗೂ ನಡುವೆ ಒಂದು ಸೇತುವೆ, ಅಷ್ಟೆ.

ಶನಿವಾರ ಸಂಘದ ಅಂಗಳದಲ್ಲಿ ಸಭೆ ಸೇರಿತು. ಒಕ್ಕಣ್ಣಿನ ಗಮಾಲಿಯೆಲ್ ಎದ್ದ. ಅವನು ಹಳೇ ಕೆಲಸಗಾರ, ಇನ್ನೊಂದು ಕಣ್ಣನ್ನು ಸಿಡಿಮದ್ದಿಗೆ ಕೊಟ್ಟವನು.

“ಬೆಟ್ಟ ಹತ್ಬಿಡಾಣ. ಹೆಂಗಸ್ರು, ಮಕ್ಳು, ಮುದುಕ್ರು, ಎಲ್ಲಾ. ಖಾಲಿ ಗೋಡೆಗೆ ಹೊಡ್ಕೊಳ್ಳಿ ಅವ್ರ ಗುಂಡ.”

“ಓಡೋಗಕ್ಕೆ ನಾವೇನ್ ಕುರಿ ಕದ್ದಿದೀವಾ?” ಸಾತುರ್ನಿನಾ ಸೊಂಟಕ್ಕೆ ಕೈಕೊಟ್ಟು ಎದ್ದಳು. “ಆ ಸೈನ್ಯ ಯಾರ್ದು? ನನ್ ಕೊಂಪಾದ್ರೆದು. ಇಲ್ಲಿ ಅವನ ಜವಳದ ಮಕ್ಳು ಎಷ್ಟವ್ರೆ? ಅಷ್ಟನ್ನೂ ಸೇತುವೆ ಮೇಲೆ ಮುಂದಿನ ಸಾಲಲ್ಲಿ ನಿಲ್ಸಾಣ. ಹೊಡೀಲಿ ನೋಡಾಣ!”

“ಕೊಂಪಾದ್ರೆ ಅನ್ನೋನು ಒಬ್ಬ, ರಾಷ್ಟ್ರಪತಿ ಅನ್ನೋನು ಇನ್ನೊಬ್ಬ ಕಣವ್ವ. ಟೋಪಿ ಬ್ಯಾರೆ ಆಗೈತೆ.”

“ಟೋಪಿ ಬ್ಯಾರೆ ಆದ್ರೆ ಕೈ ಬ್ಯಾರೆ ಆಗ್ತೈತಾ ದೊಡ್ಡಪ್ಪ? ನಿಂಗೆ ಇರೋದೇ ಒಂದ್ ಕಣ್ಣು, ಅದ್ರಲ್ಲೂ ಬರೀ ಕತ್ತಲೇನೇ ನೋಡ್ತೀಯಲ್ಲ!”

ಸಭೆಯೆಲ್ಲ ನಕ್ಕಿತು. ಗಮಾಲಿಯೆಲ್ ಕೂತ. ತಾಯಂದಿರು ಒಬ್ಬೊಬ್ಬರಾಗಿ ಸಾತುರ್ನಿನಾಳ ಕಡೆಗೆ ಸರಿದರು. ಅವರಿಗೂ ಅದೇ ನಂಬಿಕೆ. ತಮ್ಮ ಮಗುವಿನ ಕೂದಲು ಹಿಡಿದವನು, ಹೆಂಡ ಹಂಚಿಕೊಂಡವನು, ಭೂತಾಯಿಗೆ ಹೆದರದೆ ಇರುತ್ತಾನೆಯೇ? ರಾಜಧಾನಿಗೆ ತಂತಿ ಕಳಿಸಿದರು: ನಿಮ್ಮ ಮಕ್ಕಳು ಸೋಮವಾರ ಬೆಳಿಗ್ಗೆ ಸೇತುವೆಯ ಮೇಲೆ ಮುಂದೆ ನಿಲ್ಲುತ್ತಾರೆ.

ಭಾನುವಾರ ಉತ್ತರ ಬಂತು. ತಂತಿ ಬಂದದ್ದು ಸಾತುರ್ನಿನಾಳ ಹೆಸರಿಗೆ. ಅಂಚೆಯವನು ಓದಿ ಹೇಳಿದ: “ನನ್ನ ಜವಳದ ಮಕ್ಕಳನ್ನು ನಾಳೆ ಮನೆಯಿಂದ ಹೊರಗೆ ಬಿಡಬೇಡ, ಕೊಮಾದ್ರೆ.”

ಅವಳು ಆ ಕಾಗದವನ್ನು ಕಿತ್ತುಕೊಂಡು ಬೀದಿಗೆ ಓಡಿದಳು. “ಕೇಳಿದ್ರೇನ್ರೇ! ಹೆದರ್ಕೊಂಡವ್ನೆ! ನಮ್ ಮಕ್ಳು ಎದುರಿಗೆ ಬಂದ್ರೆ ತನ್ ಕೈ ಕಟ್ಟೋಗ್ತೈತೆ ಅಂತ ಬೇಡ್ಕೊತಾವ್ನೆ!”

“ಮನೇಲಿರಿ ಅಂದ್ರೆ ಮನೇಲಿರ್ಬೇಕು ಕಣೆ,” ಎಂದ ಗಮಾಲಿಯೆಲ್. ಯಾರೂ ಕೇಳಲಿಲ್ಲ. ಅಯ್ಯೋ, ಒಬ್ಬರಾದರೂ ಕೇಳಬಾರದಿತ್ತೇ! ಅಲ್ಲಿದ್ದವರಿಗೆಲ್ಲ ಆ ತಂತಿ ಗೆಲುವಿನ ಸುದ್ದಿಯಾಗಿ ಕಂಡಿತು. ಬೆಟ್ಟ ಹತ್ತಬೇಕೆಂದಿದ್ದವರೂ ಬುತ್ತಿ ಬಿಚ್ಚಿ ಉಂಡರು.

ಸೋಮವಾರ ಬೆಳಿಗ್ಗೆ ಒಳ್ಳೇ ಬಿಸಿಲು, ಹೊಳೆಯ ಅಂಚಿನಲ್ಲಿ ಇನ್ನೂ ಹಿಮ. ಸಾತುರ್ನಿನಾ ಮಗನ ತಲೆಗೆ ನೀರು ಹಚ್ಚಿ ಬಾಚಿದಳು.

“ಅವ್ವಾ, ಇಷ್ಟು ನೀಟಾಗಿ ಬಾಚಿದ್ರೆ ಗುಂಡು ಜಾರ್ಕೊಂಡು ಹೋಗ್ತೈತಾ?”

“ಬಾಯ್ಮುಚ್ಕೊಂಡು ನಿಲ್ಲೋ. ನಿನ್ ಜವಳದಪ್ಪನ ಜನ ನೋಡ್ತಾರೆ.”

ಅರವತ್ತೊಂದರಲ್ಲಿ ಊರಲ್ಲಿ ಉಳಿದಿದ್ದ ನಲವತ್ತೆಂಟು ಮಕ್ಕಳು ಸೇತುವೆಯ ಮೇಲೆ ಸಾಲಾಗಿ ನಿಂತರು. ಎಲ್ಲಕ್ಕಿಂತ ಚಿಕ್ಕವಳಿಗೆ ಆರು ವರ್ಷ, ದೊಡ್ಡವನಿಗೆ ಹದಿನೆಂಟು. ಹಿಂದೆ ತಾಯಂದಿರು, ಅವರ ಹಿಂದೆ ಗಂಡಸರು. ಗಮಾಲಿಯೆಲ್ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಮಕ್ಕಳಿಗಿಂತಲೂ ಎರಡು ಹೆಜ್ಜೆ ಮುಂದೆ ಹೋಗಿ ನಿಂತುಕೊಂಡ. ಆಚೆ ದಡದಿಂದ ಮೇಜರನೊಬ್ಬ ಧ್ವನಿವರ್ಧಕದಲ್ಲಿ ಮೂರು ನಿಮಿಷ ಕೊಟ್ಟ. ಸಾತುರ್ನಿನಾ ಗಂಟಲು ಹರಿಯುವಂತೆ ಕೂಗಿದಳು: “ಇವ್ರು ನಿಮ್ ದೊರೆ ಜವಳ ತೆಗೆದ ಮಕ್ಳು ಕಣ್ರೋ! ಹೆಸರು ಕೇಳಿ ಬೇಕಾದ್ರೆ!”

ಬಂದೂಕು ಹಿಡಿದವರು ತಗ್ಗುಸೀಮೆಯ ಕಾಡಿನ ಕಡೆಯ ಹುಡುಗರು. ಬೆಟ್ಟದ ಮಾತು ಅವರಿಗೆ ಬರದು. ಅವಳು ಏನೋ ಬೈಯುತ್ತಿದ್ದಾಳೆ ಎಂದುಕೊಂಡರು.

ಮೂರು ನಿಮಿಷ ಪೂರಾ ಆಗಲೂ ಇಲ್ಲ. ಮೊದಲ ಸುತ್ತಿಗೇ ಗಮಾಲಿಯೆಲನ ಉಳಿದ ಕಣ್ಣು ಹೋಯಿತು, ತಲೆಯ ಹಿಂಭಾಗವೂ ಹೋಯಿತು. ಎರಡನೆಯದಕ್ಕೆ ಸಾಲು ಮಲಗಿತು. ಕೆಲವು ಮಕ್ಕಳು ಬಿದ್ದರು, ಕೆಲವು ಸೇತುವೆಯ ಕಟಕಟೆ ದಾಟಿ ಹೊಳೆಗೆ ಹಾರಿದವು, ಹಾರುವಾಗಲೇ ಗುಂಡು ತಿಂದವು. ಆರು ವರ್ಷದವಳು ನಿಂತಲ್ಲೇ ನಿಂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಅವಳ ತಾಯಿ ಎಳೆದುಕೊಳ್ಳಲು ಬಗ್ಗಿದಾಗ ಇಬ್ಬರಿಗೂ ಒಂದೇ ಗುಂಡು ತಾಗಿತು. ಹಿಂದಿನವರು ಓಡಲು ಹೋಗಿ ಬಿದ್ದವರನ್ನು ತುಳಿದರು. ಹಲಗೆಗಳ ಸಂದಿಯಿಂದ ರಕ್ತ ಕೆಳಗೆ ಮಂಜಿನ ಮೇಲೆ ಸುರಿಯುತ್ತಿತ್ತು, ಬಿಸಿಗೆ ಹೊಗೆಯಾಡುತ್ತಿತ್ತು. ಸಾತುರ್ನಿನಾ ಇನ್ನೂ ಕೂಗುತ್ತಲೇ ಇದ್ದಳು, “ಜವಳದ ಮಕ್ಳು ಕಣ್ರೋ, ಜವಳದ ಮಕ್ಳು!” ಮಗ ಕುಸಿದು ಅವಳ ಕಾಲ ಮೇಲೆ ಬಿದ್ದಾಗಲೇ ಅವಳ ಬಾಯಿ ನಿಂತದ್ದು.

ಗುಂಡು ಸೆಫೆರಿನೊನ ತೊಡೆಯ ಮೂಳೆ ಮುರಿದಿತ್ತು. ಅವಳು ಅವನ ಕಂಕುಳಿಗೆ ಕೈಹಾಕಿ, ಸೇತುವೆಯ ಬುಡಕ್ಕೆ ಉರುಳಿಸಿ, ಹೊಳೆಯ ಬಂಡೆಗಳ ಮರೆಯಲ್ಲಿ ಎಳೆದುಕೊಂಡು ಹೋದಳು. ಅವನು ನೋವಿಗೆ ಅವಳ ಹೊದಿಕೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದ. ಮುಚ್ಚಿಹೋದ ಹಳೇ ಸುರಂಗ ಅಲ್ಲೇ ಮೇಲಿತ್ತು. ಹೆಂಗಸು ಗಣಿಯೊಳಗೆ ಕಾಲಿಟ್ಟರೆ ಒಳಗಿನ ಮಾವ, ಅಂದರೆ ಗಣಿ ಕಾಯುವ ದೈವ, ಮುನಿದು ಅದಿರಿನ ಎಳೆ ಬತ್ತಿಸುತ್ತಾನೆಂದು ಅವಳಜ್ಜಿಯ ಕಾಲದಿಂದ ಕಟ್ಟುಪಾಡು. ಕೋಡು ಮೂಡಿದ ಆ ಮಣ್ಣಿನ ಮಾವ ಬಾಯಲ್ಲಿ ಕೋಕಾ ಎಲೆ ಕಚ್ಚಿಕೊಂಡು ತಿರುವಿನಲ್ಲೇ ಕೂತಿದ್ದ. “ಬತ್ತಿಸ್ಕೋ ಹೋಗ್” ಎಂದು ಅವಳು ಮಗನನ್ನು ಅವನ ಪಾದದ ಬಳಿಯೇ ಮಲಗಿಸಿದಳು.

ಸೈನಿಕರು ಸೇತುವೆ ದಾಟಿ ಬಂದರು. ಎರಡು ದಿನ ಮನೆಮನೆ ಜಾಲಾಡಿದರು. ಉರುವಲಿಗೆ ಪೇರಿಸಿದ್ದ ಲಾಮಾ ಪ್ರಾಣಿಯ ಸಗಣಿಯ ರಾಶಿಗಳನ್ನೂ ಹಾಸಿಗೆಗಳನ್ನೂ ಬಂದೂಕಿನ ಮೊನೆಯಲ್ಲಿ ಚುಚ್ಚಿ ನೋಡಿದರು. ಒಂದು ಹಾಸಿಗೆ ಕಿರುಚಿತು. ಗಾಯಾಳುಗಳು ಸಿಕ್ಕರೆ ಕಾಲು ಹಿಡಿದು ಲಾರಿಗೆ ಎಸೆಯುತ್ತಿದ್ದರು. ಆ ಲಾರಿಗಳು ಕಣಿವೆಯ ಕಡೆ ಹೋದವು, ಹೋದವರು ಬರಲಿಲ್ಲ. ಸಾತುರ್ನಿನಾ ತನ್ನ ಬಾಗಿಲಲ್ಲಿ ಕೂತು, “ಸತ್ತ, ನನ್ ಮಗ ಸತ್ತ, ಹೊಳೇಲಿ ಹೋದ” ಎಂದು ಎದೆ ಬಡಿದುಕೊಂಡಳು. ಹುಡುಕುವವರು ಅವಳನ್ನು ದಾಟಿ ಮುಂದಿನ ಮನೆಗೆ ಹೋದರು. ಬಸಿಲಿಯಾಳ ಮಗ ತೊರಿಬಿಯೊಗೂ ಮಂಡಿಗೆ ಗುಂಡು ಬಿದ್ದಿತ್ತೆಂದೂ, ಅವಳು ಅವನನ್ನು ರೊಟ್ಟಿ ಸುಡುವ ಒಲೆಯೊಳಗೆ ಬಚ್ಚಿಟ್ಟಿದ್ದಾಳೆಂದೂ ಸಾತುರ್ನಿನಾಗೆ ಗೊತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಆ ಮಾತು ಎತ್ತಲಿಲ್ಲ.

ಬುಧವಾರ ಹೆಲಿಕಾಪ್ಟರ್ ಬಂತು, ಅದರ ಹಿಂದೆ ಒಂದು ಲಾರಿ. ಲಾರಿಯಲ್ಲಿ ಇಪ್ಪತ್ತು ಬಿಳೀ ಶವಪೆಟ್ಟಿಗೆ. ಜವಳದ ಮಗು ಸತ್ತರೆ ಪೆಟ್ಟಿಗೆ ಕೊಟ್ಟು ಹೆಗಲು ಕೊಡುವುದು ಜವಳದಪ್ಪನ ಪಾಲಿನ ಕೆಲಸ. ರಾಷ್ಟ್ರಪತಿ ಅರಾನಿಬಾರ್ ಅದನ್ನು ಮಾಡಲು ಬಂದಿದ್ದ! ಥೂ, ಎಂಥ ಮುಖ ಹೊತ್ತುಕೊಂಡು ಬಂದನೋ ಎನ್ನಬೇಕೆನಿಸುತ್ತದೆ. ಆದರೆ ನೋಡಿದವರು ಹೇಳುವುದು ಬೇರೆ. ಅವನ ಕಣ್ಣು ಅತ್ತು ಅತ್ತು ಊದಿಕೊಂಡಿದ್ದವು. ಮನೆಮನೆಗೂ ಹೋದ, ಪ್ರತಿ ತಾಯಿಯನ್ನೂ ಅಪ್ಪಿಕೊಂಡ, ಪ್ರತಿ ಮಗುವಿನ ಹೆಸರು ಹೇಳಿದ. ತಾಯಂದಿರು ಮರದ ಕೊರಡಿನಂತೆ ನಿಂತು ಅಪ್ಪಿಸಿಕೊಂಡರು. ಸುತ್ತ ಬಂದೂಕುಗಳಿದ್ದವು.

ಸೆಫೆರಿನೊನ ಹೆಣ ಸಿಗದಿದ್ದರೆ ಮತ್ತೆ ಹುಡುಕುತ್ತಾರೆಂದು ಸಾತುರ್ನಿನಾ ಅಷ್ಟರಲ್ಲಿ ಒಂದು ಉಪಾಯ ಮಾಡಿದ್ದಳು. ಪೆಟ್ಟಿಗೆ ಮನೆಯೊಳಗೆ ಬಂದ ಕೂಡಲೇ ಬಾಗಿಲು ಹಾಕಿಕೊಂಡು, ಹಿತ್ತಲಲ್ಲಿ ಪೇರಿಸಿಟ್ಟಿದ್ದ ಕಲ್ಲುಗಳನ್ನು ಕಂಬಳಿಯಲ್ಲಿ ಸುತ್ತಿ ಅದರಲ್ಲಿ ತುಂಬಿ ಮೊಳೆ ಹೊಡೆದಳು. ಹೊಡೆದು ಮುಗಿಸುವಾಗ ಅವನು ಒಬ್ಬನೇ ಒಳಗೆ ಬಂದ, ಕಾವಲಿನವರನ್ನು ಹೊರಗೆ ನಿಲ್ಲಿಸಿ.

“ನಾನು ತಂತಿ ಕಳಿಸಿದ್ದೆನಲ್ಲ ಕೊಮಾದ್ರೆ. ಮನೆಯೊಳಗಿಟ್ಕೋ ಅಂದಿದ್ದೆನಲ್ಲ. ಯಾಕೆ ತಂದು ನಿಲ್ಲಿಸಿದೆ?”

ಅವಳ ಹೊಟ್ಟೆಗೆ ಚೂರಿ ಹಾಕಿ ತಿರುವಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಸುತ್ತಿಗೆಯನ್ನು ಬಿಗಿಯಾಗಿ ಹಿಡಿದಳು. ಅವನ ತಲೆ ಕೈಗೆಟುಕುವಷ್ಟು ಹತ್ತಿರವಿತ್ತು. ಹೊಡೆದರೆ ಒಂದೇ ಏಟಿಗೆ ಮುಗಿಯುತ್ತಿತ್ತು, ಕಲ್ಲೊಡೆಯುವ ಕೈ ಅದು. ಆದರೆ ಆಮೇಲೆ ಸುರಂಗಕ್ಕೆ ನೀರು ಕೊಂಡೊಯ್ಯುವವರು ಯಾರು? ಅವಳು ಸುತ್ತಿಗೆ ಕೆಳಗಿಟ್ಟಳು.

ಅವನು ಇನ್ನೂ ಹತ್ತಿರ ಬಂದು ಬೆಟ್ಟದ ಮಾತಿನಲ್ಲಿ ಪಿಸುಗುಟ್ಟಿದ: “ನಿಜ ಹೇಳು. ಹುಡುಗನಿಗೆ ಇನ್ನೂ ಉಸಿರಿದ್ಯಾ? ಇದ್ರೆ ಈಗ್ಲೇ ಹೇಳಿಬಿಡು. ಹೆಲಿಕಾಪ್ಟರ್ ಇದೆ, ನಾನೇ ಎತ್ಕೊಂಡು ಹೋಗ್ತೀನಿ. ಒಬ್ರೂ ಮುಟ್ಟಲ್ಲ ಅವನನ್ನ. ಅವತ್ತು ಜವಳ ತೆಗೆದಾಗ ಆಡಿದ ಮಾತಿನ ಮೇಲಾಣೆ.”

ಬೆಳಿಗ್ಗೆಯಷ್ಟೇ ಅವಳು ಸುರಂಗಕ್ಕೆ ಹೋಗಿ ಬಂದಿದ್ದಳು. ಕಾಲು ಕಪ್ಪಗೆ ಬಾತು, ವಾಸನೆ ಹಿಡಿದಿತ್ತು. ಡಾಕ್ಟರು ಸಿಕ್ಕರೆ ಬದುಕುತ್ತಾನೆ, ಸಿಗದಿದ್ದರೆ ಇಲ್ಲ. ಇದು ಅವಳಿಗೂ ಗೊತ್ತಿತ್ತು. ಅವಳು ಅವನ ಮುಖವನ್ನೇ ನೋಡಿದಳು. ಆ ಕಣ್ಣೀರು ನಿಜವಾದದ್ದೇ. ಹದಿನೈದು ವರ್ಷದ ಹಿಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಾಗಿನ ನಗುವೂ ನಿಜವಾದದ್ದೇ ಇತ್ತು. ಅದನ್ನೇ ನಂಬಿ ಅವಳು ಊರ ಮಕ್ಕಳನ್ನೆಲ್ಲ ಸೇತುವೆಗೆ ಕರೆದುಕೊಂಡು ಹೋಗಿದ್ದಳು. ಹೊರಗೆ ಹತ್ತೊಂಬತ್ತು ಪೆಟ್ಟಿಗೆಗಳು ಕಾಯುತ್ತಿದ್ದವು. ಒಂದೇ ವಾರದಲ್ಲಿ ಎರಡನೇ ಸಲ ಅದೇ ಮಾತಿಗೆ ತಲೆ ಕೊಡಲೇ?

“ಸತ್ತ, ಕೊಂಪಾದ್ರೆ” ಎಂದಳು. “ಇದ್ರೊಳಗವ್ನೆ. ಎತ್ತಿ.”

ಅವನು ಮುಂದಿನ ಹೆಗಲು ಕೊಟ್ಟ. ಏರು ಹತ್ತುವಾಗ ಅವನ ಮುಖ ಬೆವರಿತು. “ತುಂಬಾ ಭಾರ ಇದ್ದಾನೆ” ಎಂದ.

“ಗುಂಡಿನ ಭಾರ ಕೊಂಪಾದ್ರೆ. ನಿಮ್ದೇ.”

ಗುಂಡಿ ಮುಚ್ಚುವಾಗ ಸಾತುರ್ನಿನಾ ಕ್ಯಾಂಪೆಲ್ಲ ಕೇಳುವಂತೆ ಅತ್ತಳು, ಉರುಳಾಡಿ ಮಣ್ಣು ತಲೆಗೆ ಸುರಿದುಕೊಂಡಳು. ಕಲ್ಲಿಗಾಗಿ ಅಷ್ಟು ಅತ್ತವಳು ಲೋಕದಲ್ಲೇ ಅವಳೊಬ್ಬಳಿರಬೇಕು. ಮಣ್ಣಾದ ಮೇಲೂ ರಾಷ್ಟ್ರಪತಿ ಹೊರಡಲಿಲ್ಲ. ಸ್ಮಶಾನದ ಮೋಟುಗೋಡೆಯ ಮೇಲೆ ಕೂತೇ ಇದ್ದ. ಅಧಿಕಾರಿಗಳು ಗಡಿಯಾರ ನೋಡಿಕೊಂಡರು, ಪೈಲಟ್ ಎರಡು ಸಲ ಬಂದು ಸೆಲ್ಯೂಟ್ ಹೊಡೆದು ಹೋದ. ಒಂದು ಗಂಟೆ ಕಳೆದ ಮೇಲೆ ಎದ್ದು, ಯಾರ ಕಡೆಗೂ ನೋಡದೆ ಬಸಿಲಿಯಾಳ ಮನೆಯ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಅವನ ಕೋಟಿನಲ್ಲಿ ಸುತ್ತಿದ ಒಂದು ದೇಹವನ್ನು ಹೆಲಿಕಾಪ್ಟರಿಗೆ ಏರಿಸಿದರು. ಬಸಿಲಿಯಾ ಬಾಗಿಲಲ್ಲೇ ನಿಂತಿದ್ದಳು.

“ಕೊಟ್ಬುಟ್ಳು! ಹೆತ್ತ ಮಗನ್ನ ಕಟುಕನ ಕೈಗೆ ಕೊಟ್ಬುಟ್ಳು!” ಎಂದು ಹೆಂಗಸರು ಅವಳ ಮುಖಕ್ಕೆ ಉಗಿದರು, ಬಾಗಿಲಿಗೆ ಕಲ್ಲು ತೂರಿದರು. ಸಾತುರ್ನಿನಾ ಉಗಿಯಲಿಲ್ಲ. ಒಳಗೊಳಗೇ ತಾನು ಗೆದ್ದೆ ಎಂದುಕೊಂಡಳು. ತನ್ನವನನ್ನಾದರೂ ಉಳಿಸಿಕೊಂಡೆ.

ಮಾರನೆಯ ದಿನ ಕಲ್ಲು ಆರಿಸುವ ನೆವದಲ್ಲಿ ಸುರಂಗಕ್ಕೆ ಹೋದಳು. ಮಗ ಬೆಂಕಿಯಂತೆ ಸುಡುತ್ತಿದ್ದ, ಆದರೂ ಗುರುತು ಹಿಡಿದ. ಅವಳು ಪೆಟ್ಟಿಗೆಯಲ್ಲಿ ಕಲ್ಲು ಹೂತದ್ದನ್ನು ಹೇಳಿದಳು.

“ಅವ್ವಾ, ನನ್ ಪೆಟ್ಟಿಗೆ ಯಾರು ಹೊತ್ರು?”

“ರಾಷ್ಟ್ರಪತಿ.”

“ಅಬ್ಬಬ್ಬಾ! ಕಲ್ಲು ತುಂಬಿದ್ಯಲ್ಲ, ಅದ್ರಲ್ಲಿ ಒಳ್ಳೇ ತವರ ಇತ್ತೇನೋ. ದಂಡ ಮಾಡ್ಬುಟ್ಯಲ್ಲವ್ವ.” ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. ಮತ್ತೆ ಕೇಳಿದ: “ಅವ್ನು ನನ್ ಬಗ್ಗೆ ಏನಾರಾ ಕೇಳಿದ್ನಾ? ಕರ್ಕೊಂಡೋಗಕ್ಕೆ ಬಂದಿದ್ನಾ?”

“ಇಲ್ಲ ಮಗಾ,” ಎಂದಳು. “ಕೇಳ್ಲಿಲ್ಲ.”

ಶುಕ್ರವಾರ ಮಧ್ಯಾಹ್ನ ಅವಳು ನೀರು ಕುಡಿಸುತ್ತಿದ್ದಾಗ ನೀರು ಬಾಯಿಯಿಂದ ಹೊರಗೆ ಹರಿಯಿತು, ಒಳಗೆ ಇಳಿಯಲಿಲ್ಲ. ಅವಳು ಕೂಗಬೇಕೆಂದು ಬಾಯಿ ತೆರೆದಳು. ಸುರಂಗದ ಬಾಯಿಯಿಂದ ನೂರು ಹೆಜ್ಜೆಗೆ ಕಾವಲು ಠಾಣೆಯಿತ್ತು. ಸತ್ತು ಮಣ್ಣಾದವನಿಗಾಗಿ ಅಲ್ಲಿ ಕೂಗಿದರೆ, ಕಲ್ಲು ಹೂತದ್ದು ಹೊರಗೆ ಬಂದರೆ, ಸ್ಮಶಾನದಲ್ಲಿದ್ದ ಉಳಿದ ಹತ್ತೊಂಬತ್ತು ಪೆಟ್ಟಿಗೆಗಳನ್ನೂ ಅಗೆದು ನೋಡುತ್ತಾರೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೈಯಿಂದಲೇ ಕಲ್ಲು ಸರಿಸಿ, ಮಗನನ್ನು ಮಲಗಿಸಿ, ಕಲ್ಲು ಮುಚ್ಚಿದಳು. ಉಗುರುಗಳು ಕಿತ್ತುಬಂದವು. ಸಂಜೆ ಕತ್ತಲಾಗುವವರೆಗೂ ರಾಶಿಯ ಮೇಲೆ ಕೂತು ಕಲ್ಲು ಕುಟ್ಟಿದಳು. ಪಕ್ಕದವಳು ಬೆರಳು ನೋಡಿ ಏನಾಯ್ತೆಂದು ಕೇಳಿದಾಗ, “ಸುತ್ತಿಗೆ ತಪ್ತು” ಎಂದಳು.

ಆರು ವಾರ ಕಳೆಯಿತು. ಸೈನ್ಯ ಹೋಯಿತು, ಗಣಿ ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಕಣಿವೆಯ ಬಸ್ಸು ನಿಂತಿತು. ಅದರಿಂದ ಊರುಗೋಲು ಊರಿಕೊಂಡು, ಹೊಸ ಅಂಗಿ ತೊಟ್ಟು, ತೊರಿಬಿಯೊ ಇಳಿದ. ಒಂದು ಕಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಅದು ಬಿಟ್ಟರೆ ಗುಂಡುಕಲ್ಲಿನಂತಿದ್ದ, ಕೆನ್ನೆ ತುಂಬಿಕೊಂಡಿತ್ತು.

ಕ್ಯಾಂಪೆಲ್ಲ ಬಸಿಲಿಯಾಳ ಅಂಗಳಕ್ಕೆ ನುಗ್ಗಿತು. ಉಗಿದವರೇ ಈಗ ಹುಡುಗನ ತಲೆ ಸವರುತ್ತಿದ್ದರು. ಸಾತುರ್ನಿನಾ ಬಂದಾಗ ಎಲ್ಲರೂ ದಾರಿ ಬಿಟ್ಟರು. ಅವಳ ಬಾಯಿ ಎಲ್ಲರಿಗೂ ಗೊತ್ತು. ಏನು ರಂಪ ಮಾಡುತ್ತಾಳೋ ಎಂದು ಬಸಿಲಿಯಾ ಮಗನಿಗೆ ಅಡ್ಡ ನಿಂತಳು. ಸಾತುರ್ನಿನಾ ರಂಪ ಮಾಡಲಿಲ್ಲ. ಹುಡುಗನ ಎದುರಿಗೆ ನೆಲದ ಮೇಲೆ ಕೂತಳು.

“ಎಷ್ಟೊತ್ತು ಹಿಡೀತು ಮಗಾ, ಆಸ್ಪತ್ರೆಗೆ?”

“ನಲವತ್ತು ನಿಮಿಷ ಅಂತೆ ಚಿಕ್ಕವ್ವ. ನಂಗೆ ಜ್ಞಾನ ಇರ್ಲಿಲ್ಲ.”

“ಕಾಲು ಕಪ್ಪಗಾಗಿತ್ತಾ? ವಾಸ್ನೆ ಬಂದಿತ್ತಾ?”

“ಬಂದಿತ್ತು. ಇನ್ನೊಂದ್ ದಿನ ಬಿಟ್ಟಿದ್ರೆ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು.” ಹುಡುಗನಿಗೆ ಅಲ್ಲಿಗೆ ನಿಲ್ಲಿಸಬೇಕೆಂದು ಹೇಗೆ ತಿಳಿಯಬೇಕು, ಮಾತು ಮುಂದುವರಿಸಿದ: “ನನ್ ಪಕ್ಕದ ಮಂಚ ಮೂರು ದಿನ ಯಾರಿಗೂ ಕೊಡ್ಲಿಲ್ಲ ಚಿಕ್ಕವ್ವ. ಹಾಸಿಗೆ ಹಾಸಿ ಹಾಗೇ ಇಟ್ಟಿದ್ರು. ಪುಕಾಲೋಮದಿಂದ ಇನ್ನೊಬ್ಬ ಹುಡುಗ ಬರ್ಬೌದು, ಅವನ ತಾಯಿ ಕಳಿಸ್ಬೌದು ಅಂತ ಜವಳದಪ್ಪ ಹೇಳಿದ್ರಂತೆ. ಯಾರೂ ಬರ್ಲೇ ಇಲ್ಲ.”

ಸಾತುರ್ನಿನಾ ಎದ್ದು ಹೊರಗೆ ಬಂದಳು. ಅಂಗಳ ದಾಟಿ ಬೀದಿಗೆ ಬಂದು, ಅಲ್ಲೇ ನಡುಬೀದಿಯಲ್ಲಿ ಕುಸಿದು, ಕರುಳೇ ಕಿತ್ತು ಬರುವಂತೆ ಕೂಗಿಕೊಂಡಳು. ಬೆಟ್ಟಕ್ಕೆ ಬಡಿದು ಮರುದನಿಗೊಟ್ಟ ಆ ಕೂಗಿಗೆ ಗಣಿಯ ಬಾಯಲ್ಲಿದ್ದವರೂ ಓಡಿಬಂದರು. ಏನಾಯ್ತು, ಯಾರು ಸತ್ತರು ಎಂದು ಒಬ್ಬರನ್ನೊಬ್ಬರು ಕೇಳಿದರು.

“ಯಾರೂ ಇಲ್ಲ,” ಎಂದಳು ಒಬ್ಬ ಹೆಂಗಸು. “ಸೆಫೆರಿನೊಗೆ ಅಳ್ತಾವ್ಳೆ. ಮಣ್ಣು ಮಾಡಿ ಆರು ವಾರ ಆಯ್ತು, ಪಾಪ, ಈಗ್ ಯಾಕೋ ಏನೋ.”